ಐದನೆಯ ವರ್ಷದ ಗೇಣಿ

ಟೀಚರ್ ಬರುವುದು ಸಂಜೆ ನಾಲ್ಕಕ್ಕೆ ಎಂದು ಗೊತ್ತಿದ್ದರೂ ವೇದವತಿ ಬೆಳಗ್ಗೆ ಏಳೂವರೆಯೊಳಗೆ ಅಂಗಳವನ್ನು ಎರಡು ಸಲ ಗುಡಿಸಿಯಾಗಿತ್ತು. ಅಂಗಳವೆಂದರೆ ಅಂಥದ್ದೇನಲ್ಲ. ಕ್ಲಾಂಗ್ ಬಂದರಿನಿಂದ ಲಾರಿಯಲ್ಲಿ ತರಿಸಿದ ಎರಡು ಹಳೆಯ ಕಂಟೇನರುಗಳನ್ನು ಎದುರುಬದುರಾಗಿ ಇಟ್ಟು, ನಡುವಿನ ಜಾಗಕ್ಕೆ ಜಿಂಕ್ ಶೀಟು ಹೊದಿಸಿ ಮನೆ ಮಾಡಿಕೊಂಡಿದ್ದರು. ಅದರ ಮುಂದೆ ಕೆಂಪು ಮಣ್ಣನ್ನು ಬಡಿದು ಗಟ್ಟಿ ಮಾಡಿದ ನಾಲ್ಕು ಮಾರು ನೆಲ. ಪಕ್ಕದ ರಬ್ಬರ್ ತೋಟದ ಎಲೆಗಳು ಗುಡಿಸಿದಷ್ಟೂ ಬಂದು ಬೀಳುತ್ತಿದ್ದವು. ಅವಳು ಗುಡಿಸುತ್ತಿದ್ದುದು ಎಲೆಗಳನ್ನಲ್ಲ. ಎರಡು ವರ್ಷದ ಹಿಂದೆ ತಾನು ಬರೆದು ಅಂಚೆಗೆ ಹಾಕಿದ ಕಾಗದದ ಒಂದೊಂದೇ ವಾಕ್ಯ ನೆನಪಾಗಿ, ಪೊರಕೆ ನಿಲ್ಲಿಸಿದರೆ ಮುಂದಿನ ವಾಕ್ಯವೂ ಬಂದೀತೆಂದು ಕೈಯನ್ನು ಆಡಿಸುತ್ತಲೇ ಇದ್ದಳು. ‘ಮಾನ್ಯ ಮೇಡಂ, ದಯವಿಟ್ಟು ನನ್ನ ಗಂಡನಿಗೆ ಈ ಜಮೀನನ್ನು ಮತ್ತೆ ಗೇಣಿಗೆ ಕೊಡಬೇಡಿ.’ ಹಾಗೆ ಶುರುವಾಗುವ ಇಂಗ್ಲಿಷಿನ ಎರಡು ಪುಟ. ಐದು ವರ್ಷದ ಗೇಣಿ ಈ ತಿಂಗಳಿಗೆ ಮುಗಿಯುತ್ತಿತ್ತು. ಮುಂದುವರಿಸುವುದೋ ಬಿಡುವುದೋ ಎಂದು ಹೇಳಲು ಜಮೀನಿನ ಒಡತಿಯಾದ ಟೀಚರ್ ಸೆರೆಂಬಾನಿನಿಂದ ತಾನೇ ಬರುತ್ತೇನೆಂದು ಫೋನು ಮಾಡಿದ್ದರು. ಕಾಗದದ ಸುದ್ದಿ ಅವರು ಎತ್ತಲಿಲ್ಲ, ಇವಳೂ ಎತ್ತಲಿಲ್ಲ.

“ಎಂತ ಮಾರಾಯ್ತಿ, ನೆಲ ಸವೆದು ಹೋದೀತು,” ಎಂದ ಸುಬ್ರಾಯ, ಹೀರೆಕಾಯಿಯ ಬುಟ್ಟಿಯನ್ನು ಸೊಂಟಕ್ಕೆ ಒತ್ತಿಕೊಂಡು ಬಂದವನು. “ಟೀಚರಿಗೆ ತೋಟ ತೋರಿಸ್ಲಿಕ್ಕೆ ಇರುದು, ಅಂಗಳ ಅಲ್ಲ.”

“ಬರುವವರು ಮೊದಲು ಕಾಲಿಡುದು ಅಂಗಳಕ್ಕೆ ಅಲ್ವಾ?”

ಅವನು ನಕ್ಕ. ಐವತ್ತೊಂಬತ್ತು ತುಂಬಿದ ಗಂಡಸು, ಮೊಣಕಾಲಿನವರೆಗೆ ಕೆಸರು, ಕುತ್ತಿಗೆಗೆ ಒದ್ದೆ ಟವೆಲು. ನಗುವಾಗ ಮುಖದಲ್ಲಿ ಒಂದು ಚೂರೂ ಅನುಮಾನವಿರಲಿಲ್ಲ. ಟೀಚರ್ ಬರುತ್ತಾರೆ, ನೋಡುತ್ತಾರೆ, ಖುಷಿಪಡುತ್ತಾರೆ, ಸಹಿ ಹಾಕುತ್ತಾರೆ, ಮುಗಿಯಿತು. ಆ ನಂಬಿಕೆಯೇ ಅವಳಿಗೆ ಸಹಿಸಲಾಗದ್ದು. ಇಪ್ಪತ್ತೈದು ವರ್ಷ ಅನಾಟಮಿ ಕಲಿಸಿದವನು, ಮಣಿಪಾಲದಲ್ಲಿ, ಆಮೇಲೆ ಇಲ್ಲಿ ಒಂದು ಮೆಡಿಕಲ್ ಕಾಲೇಜಿನಲ್ಲಿ. ಒಂದು ಮಧ್ಯಾಹ್ನ ಡಿಸೆಕ್ಷನ್ ಹಾಲಿನಿಂದ ಬಂದು, ಕೈಯ ಫಾರ್ಮಲಿನ್ ವಾಸನೆ ಹೋಗಲಿಲ್ಲವೆಂದು ಮೂರನೆಯ ಸಲ ಸೋಪು ಹಚ್ಚುತ್ತ, “ವೇದಾ, ಇನ್ನಾದರೂ ಒಂದು ಜೀವ ಇರುವ ವಸ್ತುವಿನ ಹತ್ತಿರ ಕೆಲಸ ಮಾಡ್ಬೇಕು,” ಎಂದಿದ್ದ. ಅವಳು ನಾಯಿ ಸಾಕುತ್ತಾನೇನೋ ಎಂದುಕೊಂಡಿದ್ದಳು. ಅವನ ತಂದೆ ಉಡುಪಿಯಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದವರು. ಅಜ್ಜ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು. ಆ ಮನೆತನದಲ್ಲಿ ಮಣ್ಣಿಗೆ ಕೈಹಾಕಿದವರು ಯಾರೂ ಇರಲಿಲ್ಲ. ಐವತ್ನಾಲ್ಕನೆಯ ವಯಸ್ಸಿನಲ್ಲಿ, ಪರದೇಶದಲ್ಲಿ, ಇವನೇ ಮೊದಲಿಗ.

ಮೊದಲ ದಿನ ಅವನು ಅವಳನ್ನು ಇಲ್ಲಿಗೆ ಕರೆತಂದಾಗ ಇಲ್ಲಿದ್ದದ್ದು ಲಾಲಾಂಗ್ ಮಾತ್ರ. ಎದೆಮಟ್ಟ ಬೆಳೆದ, ಅಂಚು ಬ್ಲೇಡಿನಂಥ ಹುಲ್ಲು. ರಬ್ಬರ್ ಮರ ಕಡಿದ ಮೇಲೆ ಇಪ್ಪತ್ತು ವರ್ಷ ಯಾರೂ ಮುಟ್ಟದೆ ಬಿಟ್ಟ ನಾಲ್ಕೆಕರೆ. ಗಾಳಿ ಬಂದರೆ ನೆಲವಿಡೀ ಬೆಳ್ಳಗೆ ಹೊರಳುತ್ತಿತ್ತು. ಸುಬ್ರಾಯ ಎರಡೂ ಕೈ ಮೇಲೆತ್ತಿಕೊಂಡು, ಸಮುದ್ರಕ್ಕೆ ಇಳಿಯುವವನಂತೆ ಅದರೊಳಗೆ ನಡೆದುಹೋದ. ಹೋಗಿ ಹೋಗಿ ತಲೆಯಷ್ಟೇ ಕಾಣುವಾಗ ತಿರುಗಿ ಏನನ್ನೋ ಕೂಗಿ ಹೇಳಿದ. ಅದೇ ಹೊತ್ತಿಗೆ ವಿಮಾನವೊಂದು ಸೆಪಾಂಗಿನ ನಿಲ್ದಾಣದ ಕಡೆಗೆ ತಗ್ಗಿನಲ್ಲಿ ಹಾದುಹೋದದ್ದರಿಂದ ಅವಳಿಗೆ ಕೇಳಿಸಲಿಲ್ಲ. ಏನೆಂದಿರಿ ಎಂದು ಆಮೇಲೆ ಕೇಳಲೂ ಇಲ್ಲ. ಕಾರಿನ ಎಸಿಯಲ್ಲಿ ಕೂತು, ಕಾಲಿಗೆ ಹತ್ತಿದ ಜಿಗಣೆಯನ್ನು ಕಿತ್ತು, ನಿಲಾಯಿಯ ತಮ್ಮ ಫ್ಲ್ಯಾಟು, ಬಾಲ್ಕನಿಯಿಂದ ಕಾಣುವ ನೀಲಿ ಈಜುಕೊಳ, ಕೆಳಗಿನ ಮಾಮಾಕ್ ಅಂಗಡಿಯ ಟೀ, ಇವೆಲ್ಲ ಇನ್ನೆಷ್ಟು ದಿನ ಎಂದು ಯೋಚಿಸುತ್ತಿದ್ದಳು. ಮೂರು ತಿಂಗಳು ಎಂದು ಆಮೇಲೆ ಗೊತ್ತಾಯಿತು. ಲಾಲಾಂಗಿನ ಬೇರು ಒಂದು ಇಂಚು ಉಳಿದರೂ ಮತ್ತೆ ತಲೆಯೆತ್ತುತ್ತದೆ. ಸುಬ್ರಾಯ ಅದನ್ನು ವಿದ್ಯಾರ್ಥಿಗಳ ಮುಂದೆ ನರ ಬಿಡಿಸುವ ಹಾಗೆ, ತುಂಡಾಗದಂತೆ, ಕೂತುಕೊಂಡು ಬಿಡಿಸುತ್ತಿದ್ದ. ಮೊದಲ ವರ್ಷ ಅವನು ಬಿಡಿಸಿದ್ದು ಅರ್ಧ ಎಕರೆ.

ಅವಳು ಬಯೋಕೆಮಿಸ್ಟ್ರಿ ಕಲಿಸುವುದನ್ನು ಬಿಡಲಿಲ್ಲ. ದಿನಾ ಬೆಳಗ್ಗೆ ಕಂಟೇನರಿನಿಂದ ಇಸ್ತ್ರಿ ಸೀರೆಯುಟ್ಟು ಹೊರಟು, ಮಣ್ಣು ದಾರಿ ದಾಟಿದ ಮೇಲೆ ಕಾರು ನಿಲ್ಲಿಸಿ ಚಪ್ಪಲಿ ಬದಲಾಯಿಸಿ ಕಾಲೇಜಿಗೆ ಹೋಗುತ್ತಿದ್ದಳು. ಮೂರನೆಯ ವರ್ಷ, ನವೆಂಬರ್ ಕೊನೆಯ ಭಾನುವಾರ, ಕನ್ನಡದವರೆಲ್ಲ ಸೇರಿ ನರಹರಿಯವರ ಮನೆಯಲ್ಲಿ ರಾಜ್ಯೋತ್ಸವ ಇಟ್ಟುಕೊಂಡಿದ್ದರು. ನರಹರಿ ಸರ್ಜರಿ ಪ್ರೊಫೆಸರು, ಅವರ ಹೆಂಡತಿ ವಾಸಂತಿ ಬಾಗಿಲಲ್ಲೇ ಇವರು ತಂದ ಬಸಳೆಯ ಚೀಲ ಇಸಿದುಕೊಂಡು, “ಅಯ್ಯೋ, ಎಷ್ಟು ಫ್ರೆಶ್ ಆಗಿದೆ!” ಎಂದಿದ್ದಳು. ಊಟದ ಹೊತ್ತಿನಲ್ಲಿ ನರಹರಿ, “ನಮ್ಮ ಸುಬ್ರಾಯರು ಮೊದಲು ಹೆಣ ಕುಯ್ತಾ ಇದ್ರು, ಈಗ ಬದನೆಕಾಯಿ ಕುಯ್ತಾರೆ,” ಎಂದರು. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ಸುಬ್ರಾಯ ನಕ್ಕ. ಹೊರಡುವಾಗ ಲಿಫ್ಟಿನ ಪಕ್ಕದ ಕಸದ ಡಬ್ಬಿಯ ಮೇಲೆ ಅದೇ ಚೀಲ, ಕಟ್ಟಿದ ಗಂಟು ಬಿಚ್ಚದೆ, ಬಸಳೆಯ ಒಂದು ಕುಡಿ ಹೊರಗೆ ಚಾಚಿಕೊಂಡು ಕೂತಿತ್ತು. ಅವಳು ಗಂಡನ ಕಣ್ಣಿಗೆ ಬೀಳದಂತೆ ಅಡ್ಡ ನಿಂತಳು. ಆ ವಾರವೇ ಬಾವಿಯ ನೀರು ಟೀ ಬಣ್ಣಕ್ಕೆ ತಿರುಗಿತು. ಹಂದಿಗಳು ಗೆಣಸಿನ ಸಾಲನ್ನೆಲ್ಲ ಉತ್ತುಹಾಕಿದವು. “ನನ್ನಿಂದ ಇನ್ನು ಆಗುದಿಲ್ಲ,” ಎಂದು ಅವಳು ಅನ್ನ ಬಡಿಸುತ್ತ ಹೇಳಿದ್ದಳು, ಅಳು ಬಾರದಂತೆ ಎಚ್ಚರವಹಿಸಿ. ಅವನು ತಟ್ಟೆಯಿಂದ ತಲೆಯೆತ್ತಿ, “ಹೌದು, ಪಂಪಿನ ವಾಶರು ಹೋಗಿದೆ, ಅದಕ್ಕೇ ನೀರು ಹಾಗೆ,” ಎಂದ. ಮರುದಿನ ಕಾಲೇಜಿನ ಸ್ಟಾಫ್ ರೂಮಿನಲ್ಲಿ, ಎರಡು ಕ್ಲಾಸಿನ ನಡುವೆ, ಅವಳು ಆ ಕಾಗದ ಬರೆದಳು. ಕೆಳಗಿನ ಮೂಲೆಯಲ್ಲಿ ನೀರು ನಿಲ್ಲುತ್ತದೆ. ತೋಡಿನ ಕಡೆಯಿಂದ, ಮುರಿದ ಬೇಲಿಯ ಮೂರನೆಯ ಕಂಬದ ಹತ್ತಿರ ಹಂದಿ ನುಗ್ಗುತ್ತದೆ. ಬಾವಿಯಿಂದ ಪಡುವಣಕ್ಕೆ ಒಂದು ಗೇಣು ಅಗೆದರೆ ಕಲ್ಲು. ಇಂಥ ನೆಲದ ಮೇಲೆ ನನ್ನ ಗಂಡ ಸಾಯುತ್ತಾನೆ, ಮೇಡಂ. ಅವರು ಒಳ್ಳೆಯವರು, ಆದರೆ ಹೇಳಿದ್ದು ಕೇಳಿಸಿಕೊಳ್ಳುವುದಿಲ್ಲ.

ಉತ್ತರ ಬರಲಿಲ್ಲ. ಒಂದು ತಿಂಗಳು ಕಾದಳು. ಆಮೇಲೆ ಏನಾಯಿತೆಂದು ಯಾರಾದರೂ ಕೇಳಿದರೆ ಹೇಳುವುದಕ್ಕೆ ಅವಳ ಬಳಿ ಒಂದು ಘಟನೆಯೂ ಇಲ್ಲ. ಒಂದು ದಿನ ಕ್ಲಾಸಿನಲ್ಲಿ ಕಿಣ್ವಗಳ ಬಗ್ಗೆ ಹೇಳುತ್ತಿದ್ದವಳು ಕಿಟಕಿಯಲ್ಲಿ ಮೋಡ ಕಂಡು ಮಾತು ನಿಲ್ಲಿಸಿದಳು. ಬೇಯಿಸಿ ಒಣಹಾಕಿದ ಅರಿಶಿನ ನೆನೆಯುತ್ತದಲ್ಲ ಎಂದು ಎದೆ ಹಾರಿತು. ಎಪ್ಪತ್ತು ಹುಡುಗರು ಪೆನ್ನು ಹಿಡಿದು ಕಾಯುತ್ತಿದ್ದರು. ಇನ್ನೊಂದು ದಿನ ಕಾರು ನಿಲ್ಲಿಸಿ ಚಪ್ಪಲಿ ಬದಲಾಯಿಸಲು ಮರೆತಳು. ನಾಲ್ಕನೆಯ ವರ್ಷ, ಯಾರೂ ಕೇಳದೆಯೇ, ರಾಜೀನಾಮೆ ಕೊಟ್ಟಳು. ಸುಬ್ರಾಯ ಅದನ್ನು ತ್ಯಾಗವೆಂದು ತಿಳಿದ. “ನನಗೋಸ್ಕರ ಕೆಲಸ ಬಿಟ್ಟಳು,” ಎಂದು ಸಿಕ್ಕಸಿಕ್ಕವರಲ್ಲಿ ಹೇಳಿ ಕಣ್ಣು ಒದ್ದೆ ಮಾಡಿಕೊಂಡ. ಅವಳು ತಿದ್ದಲಿಲ್ಲ. ಬರೆದ ಕಾಗದಕ್ಕಿಂತ, ತಿದ್ದದೆ ಬಿಟ್ಟ ಈ ಹೊಗಳಿಕೆಯೇ ಇವತ್ತು ಹೆಚ್ಚು ಚುಚ್ಚುತ್ತಿತ್ತು. ಈಗ ಅವಳಿಗೆ ಈ ನೆಲ ಬೇಕಾಗಿತ್ತು. ಎಷ್ಟು ಬೇಕಾಗಿತ್ತೆಂದರೆ, ಟೀಚರ್ ಇಲ್ಲ ಎಂದರೆ ತಾನು ಎಲ್ಲಿಗೆ ಹೋಗಿ ನಿಲ್ಲುವುದೆಂದು ಯೋಚಿಸಲು ಹೊರಟರೆ ಕಣ್ಣಮುಂದೆ ಯಾವ ಜಾಗವೂ ಬರುತ್ತಿರಲಿಲ್ಲ.

ಹನ್ನೊಂದರ ಹೊತ್ತಿಗೆ ಮಗಳು ಶ್ರೀಯಾ ಸೈಬರ್‌ಜಯಾದಿಂದ ಬಂದಳು. ಶನಿವಾರ ಬರುವುದು ಅವಳ ರೂಢಿ. ದಾರಿಯಲ್ಲಿ ರೋಟಿ ಚನಾಯ್ ತಪಾವ್, ಎಂದರೆ ಪಾರ್ಸೆಲ್, ಮಾಡಿಸಿಕೊಂಡು, ಸಾಂಬಾರಿನ ಪ್ಲಾಸ್ಟಿಕ್ ಚೀಲವನ್ನು ಬೆರಳಿಗೆ ನೇತುಹಾಕಿಕೊಂಡು ಬರುತ್ತಾಳೆ. ವೇದವತಿ ಗೋಳಿಬಜೆಗೆ ಹಿಟ್ಟು ಕಲಸುತ್ತ, ಮಗಳ ಮುಖ ನೋಡದೆ, ಎಲ್ಲವನ್ನೂ ಹೇಳಿಬಿಟ್ಟಳು. ಶ್ರೀಯಾ ರೋಟಿ ಹರಿಯುತ್ತಿದ್ದ ಕೈ ನಿಲ್ಲಿಸಿದಳು.

“ಟು ಪೇಜಸ್? ಅಮ್ಮ! ಯು ನೆವರ್ ಈವನ್ ರೈಟ್ ಟು ಪೇಜಸ್ ಟು ಮಿ.”

“ತಮಾಷೆ ಅಲ್ಲ ಪುಟ್ಟಿ. ಟೀಚರ್ ಆ ಕಾಗದ ಅಪ್ಪನ ಎದುರಿಗೆ ತೆಗೆದ್ರೆ?”

“ದೆನ್ ಜಸ್ಟ್ ಟೆಲ್ ಹಿಮ್ ಲಾ, ಬಿಫೋರ್ ಶಿ ಕಮ್ಸ್. ಮ್ಯಾಕ್ಸಿಮಮ್ ಹಿ ವಿಲ್ ಗೋ ಅಂಡ್ ಡಿಗ್ ಸಮ್‌ಥಿಂಗ್.”

ಇಲ್ಲಿಯವರ ಹಾಗೆ ಮಾತಿಗೊಂದು ‘ಲಾ’ ಸೇರಿಸಿ ಮಗಳು ಹೇಳಿದ್ದು ನಿಜವೆಂದು ಅವಳಿಗೂ ಗೊತ್ತಿತ್ತು. ಊಟವಾದ ಮೇಲೆ ಧೈರ್ಯ ಮಾಡಿ ತೋಟಕ್ಕೆ ಇಳಿದಳು. ತೊಂಡೆಯ ಚಪ್ಪರ, ಅಲಸಂಡೆಯ ಸಾಲು, ಹರಿವೆಯ ಕೆಂಪು ಮಡಿ, ಆಚೆಗೆ ಬಾಳೆ. ನಿಲಾಯಿಯ ಬಾಳೆಲೆ ಊಟದ ತಮಿಳು ಹೋಟೆಲುಗಳು ಎರಡು ದಿನಕ್ಕೊಮ್ಮೆ ಇಲ್ಲಿಂದಲೇ ಎಲೆ ಒಯ್ಯುತ್ತಿದ್ದವು. ಸುಬ್ರಾಯ ಬದನೆಯ ಗಿಡದ ಕೆಳಗೆ ಕುಕ್ಕರಗಾಲಿನಲ್ಲಿ ಕೂತಿದ್ದ. “ಇಲ್ಲಿ ಬಾ, ನೋಡು,” ಎಂದು ಒಂದು ಎಲೆಯನ್ನು ತಿರುಗಿಸಿ, ಅದರ ಅಡಿಯಲ್ಲಿದ್ದ ಹಳದಿ ಮೊಟ್ಟೆಗಳ ಗುಂಪನ್ನು ತೋರಿಸಿದ, ಎಂದಿನ ಹಾಗೆ ವಿದ್ಯಾರ್ಥಿನಿಗೆ ತೋರಿಸುವಂತೆ. “ಹೊಸ ಗೇಣಿ ಆದ ಕೂಡಲೇ ಅತ್ಲಾಗಿ ಹಲಸು ಇಡುವ ಅಂತ ಇದ್ದೇನೆ. ಫಲ ಬರುವಾಗ ನಂಗೆ ಅರವತ್ತೈದು ಆಗ್ತದೆ. ಆಗ್ಲಿ.” ಅವಳ ಬಾಯಿಗೆ ಬಂದ ಮಾತು ಅಲ್ಲೇ ಇಂಗಿತು. ಹಲಸಿನ ಬಗ್ಗೆ ಮಾತಾಡುವ ಮನುಷ್ಯನಿಗೆ ಹೇಗೆ ಹೇಳುವುದು? ಕೂತು ಮೊಟ್ಟೆಯಿದ್ದ ಎಲೆಗಳನ್ನು ಒಂದೊಂದಾಗಿ ಕಿತ್ತಳು. ಇಬ್ಬರೂ ಸೇರಿ ಒಂದು ಸಾಲು ಮುಗಿಸಿದರು. ಹೇಳಲಾರದ ಸಂಕಟದ ನಡುವೆಯೂ ಆ ಅರ್ಧ ಗಂಟೆ ಸುಖವಾಗಿಯೇ ಇತ್ತೆಂದು ಅವಳಿಗೆ ನಾಚಿಕೆಯಾಯಿತು.

ನಾಲ್ಕಕ್ಕೆ ಐದು ನಿಮಿಷ ಇರುವಾಗ ಪುಟ್ಟ ಬಿಳಿ ಕಾರು ಅಂಗಳಕ್ಕೆ ಬಂತು. ತನಲಕ್ಷ್ಮಿ ಟೀಚರ್ ತಾವೇ ಓಡಿಸಿಕೊಂಡು ಬಂದಿದ್ದರು. ಎಪ್ಪತ್ನಾಲ್ಕು ವರ್ಷ, ತಮಿಳು ಶಾಲೆಯ ಹೆಡ್‌ಮಿಸ್ ಆಗಿ ನಿವೃತ್ತರಾದವರು, ಈಗಲೂ ಎದುರಿಗಿದ್ದವರ ಉಗುರು ಶುದ್ಧವಾಗಿದೆಯೇ ಎಂದು ನೋಡುವ ಕಣ್ಣು. ವೇದವತಿ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಅವರು ಗೋಳಿಬಜೆಯನ್ನು ಆಮೇಲೆ ತಿನ್ನುತ್ತೇನೆಂದು ಪಕ್ಕಕ್ಕೆ ಸರಿಸಿ, ಕೈಚೀಲದಿಂದ ಕನ್ನಡಕ ತೆಗೆದರು. ಅದರ ಜೊತೆ ಮಡಚಿದ ಎರಡು ಹಾಳೆಗಳನ್ನೂ ತೆಗೆದರು. ದೂರದಿಂದಲೇ ಅವಳು ತನ್ನ ಅಕ್ಷರ ಗುರುತಿಸಿದಳು.

“ಮೊದಲು ಕೆಳಗಿನ ಮೂಲೆ ತೋರಿಸಿ,” ಎಂದರು ಟೀಚರ್, ತಮಿಳು ಇಂಗ್ಲಿಷು ಬೆರೆಸಿ. “ನೀರು ನಿಲ್ಲುತ್ತದಲ್ಲ, ಅಲ್ಲಿಗೆ.”

ಸುಬ್ರಾಯ ಉತ್ಸಾಹದಿಂದ ಮುಂದೆ ನಡೆದ. ಕಾಲುವೆ ತೋಡಿದ್ದನ್ನು, ಈಗ ನೀರು ಹರಿದುಹೋಗುವುದನ್ನು ವಿವರಿಸಿದ. ಟೀಚರ್ ಹಾಳೆಯ ಮೇಲೆ ಕಣ್ಣಾಡಿಸಿ, ಬೇಲಿಯ ಮೂರನೆಯ ಕಂಬ ಎಲ್ಲಿ ಎಂದರು. ತೋರಿಸಿದ. ಬಾವಿಯ ಪಡುವಣಕ್ಕೆ ಕಲ್ಲು ಇದೆಯಲ್ಲ, ಅಲ್ಲಿ ಏನು ಮಾಡಿದಿರಿ ಎಂದರು. ಸುಬ್ರಾಯನ ಹೆಜ್ಜೆ ನಿಧಾನವಾಯಿತು.

“ಟೀಚರ್, ಅಲ್ಲಿ ಕಲ್ಲು ಇರುವುದು ನಿಮಗೆ ಹೇಗೆ ಗೊತ್ತು?”

ಟೀಚರ್ ಕನ್ನಡಕದ ಮೇಲಿನಿಂದ ವೇದವತಿಯನ್ನು ನೋಡಿ ಸುಮ್ಮನೆ ನಿಂತರು, ತಪ್ಪು ಮಾಡಿದ ಮಗು ತಾನಾಗಿ ಕೈಯೆತ್ತಲಿ ಎಂದು ಕಾಯುವವರಂತೆ. ಅವರು ಹೇಳುವುದಿಲ್ಲವೆಂದು ಅವಳಿಗೆ ಅರ್ಥವಾಯಿತು. ಸುಮ್ಮನಿದ್ದರೆ ಇದು ಇಲ್ಲಿಗೇ ಮುಗಿಯುತ್ತದೆ. ಅವನು ಎರಡು ದಿನ ಆಶ್ಚರ್ಯಪಟ್ಟು ಮರೆಯುತ್ತಾನೆ. ತ್ಯಾಗಮಯಿ ಹೆಂಡತಿ ಹಾಗೇ ಉಳಿಯುತ್ತಾಳೆ.

“ನಾನು ಬರೆದದ್ದು,” ಎಂದಳು ಕನ್ನಡದಲ್ಲಿ. “ಇವರಿಗೆ ಕಾಗದ ಬರೆದಿದ್ದೆ. ನಿಮಗೆ ಮತ್ತೆ ಗೇಣಿಗೆ ಕೊಡ್ಬೇಡಿ ಅಂತ.”

ಕನ್ನಡ ಬಾರದ ಟೀಚರ್ ಬಾಳೆಯ ಗೊನೆ ನೋಡುವವರಂತೆ ಅತ್ತ ತಿರುಗಿದರು. ಸುಬ್ರಾಯ ಬಗ್ಗಿ ಒಂದು ಕಳೆ ಕಿತ್ತ. ಅದನ್ನು ಎಸೆಯದೆ ಕೈಯಲ್ಲೇ ಹಿಡಿದುಕೊಂಡ.

“ಯಾವಾಗ?”

“ಮೂರನೇ ವರ್ಷ. ಡಿಸೆಂಬರಿನಲ್ಲಿ.”

“ನಂಗೆ ಹೇಳ್ಬಹುದಿತ್ತು.”

“ಹೇಳಿದ್ದೆ. ನೀವು ಪಂಪಿನ ವಾಶರಿನ ವಿಷಯ ಮಾತಾಡಿದ್ರಿ.”

ಅವನ ಮುಖದಲ್ಲಿ, ಐದು ವರ್ಷದಲ್ಲಿ ಮೊದಲ ಸಲ, ಆ ಅನುಮಾನವಿಲ್ಲದ ಬೆಳಕು ಆರಿದ್ದನ್ನು ಅವಳು ಕಂಡಳು. ನೆನಪು ಮಾಡಿಕೊಳ್ಳುತ್ತಿದ್ದ. ಅನ್ನ, ತಟ್ಟೆ, ಟೀ ಬಣ್ಣದ ನೀರು ಎಲ್ಲ ಒಂದೊಂದಾಗಿ ಅವನಿಗೆ ಸಿಗುತ್ತಿರುವುದು ಅವಳಿಗೂ ಕಾಣುತ್ತಿತ್ತು. “ಕೆಲಸ ಬಿಟ್ಟದ್ದು ನಿಮಗೋಸ್ಕರ ಅಲ್ಲ,” ಎಂದಳು ಮತ್ತೆ, ಹೇಳುವುದಿದ್ದರೆ ಪೂರ್ತಿ ಹೇಳಿಬಿಡಬೇಕೆಂದು. “ನಂಗೇ ಇಲ್ಲಿರ್ಬೇಕು ಅಂತ ಆಯ್ತು. ಈಗ ಇದನ್ನು ಬಿಟ್ಟು ಹೋಗ್ಲಿಕ್ಕೆ ನನ್ನಿಂದ ಆಗುದಿಲ್ಲ. ಇವರು ಕೊಡುದಿಲ್ಲ ಅಂದ್ರೆ ಅದು ನನ್ನ ತಪ್ಪು, ನಿಮ್ಮದಲ್ಲ.”

ಅವನು ಕೈಯಲ್ಲಿದ್ದ ಕಳೆಯ ಬೇರಿನ ಮಣ್ಣು ಕೊಡವಿದ. ಟೀಚರ್ ಸಾಕಷ್ಟು ಹೊತ್ತು ಬಿಟ್ಟು ತಿರುಗಿದರು. ಬಾವಿಯ ಕಟ್ಟೆಯ ಮೇಲೆ ಕೂತು ಹಾಳೆಗಳನ್ನು ತೊಡೆಯ ಮೇಲಿಟ್ಟುಕೊಂಡರು. ಅವರು ಹೇಳಿದ್ದು ಇಷ್ಟು. ಈ ನೆಲದ ಕಾಡು ಕಡಿದದ್ದು ಅವರ ಅಪ್ಪ. ಎಸ್ಟೇಟಿನಲ್ಲಿ ರಬ್ಬರ್ ಹಾಲು ತೆಗೆಯುತ್ತಿದ್ದವನು, ಕೆಲಸ ಮುಗಿಸಿ ಬಂದು ಮಧ್ಯಾಹ್ನದ ಮೇಲೆ ಕಡಿಯುತ್ತಿದ್ದ. ಅಮ್ಮ ದಿನಾ ಇದೇ ಮಾತು ಹೇಳುತ್ತಿದ್ದಳು: ಆ ಮೂಲೆಯಲ್ಲಿ ನೀರು ನಿಲ್ಲುತ್ತದೆ, ಇಲ್ಲಿಂದ ಹಂದಿ ಬರುತ್ತದೆ, ಇಲ್ಲಿ ಕಲ್ಲು ಇದೆ. ಅಪ್ಪ ಒಂದು ದಿನವೂ ಕೇಳಿಸಿಕೊಳ್ಳಲಿಲ್ಲ. ಅವಳಿಗೆ ಬರೆಯಲು ಬರುತ್ತಿರಲಿಲ್ಲ, ಬರೆದರೂ ಕೊಡುವುದು ಯಾರಿಗೆ. “ನಿಮ್ಮ ಕಾಗದ ಬಂದಾಗ ನಾನು ಇದನ್ನು ಫ್ಯಾಕ್ಟರಿಯವರಿಗೆ ಮಾರಲು ಮಾತಾಡಿ ಆಗಿತ್ತು ಲಾ. ಓದಿದೆ. ನನ್ನ ಅಮ್ಮನೇ ಮತ್ತೆ ಮಾತಾಡಿದ ಹಾಗೆ ಇತ್ತು. ಈ ಜಾಗ ಬೇಡ ಅನ್ನುವವರು ಇಷ್ಟು ವಿವರ ಬರೆಯುವುದಿಲ್ಲ. ಪ್ರತಿಯೊಂದು ಕಂಬ ಗೊತ್ತು ನಿಮಗೆ. ಮಾರಲಿಲ್ಲ.” ಕನ್ನಡಕ ತೆಗೆದು ಸೀರೆಯ ಸೆರಗಿನಲ್ಲಿ ಒರೆಸಿದರು. “ಹತ್ತು ವರ್ಷಕ್ಕೆ ಕೊಡುತ್ತೇನೆ. ಆದರೆ ಡಾಕ್ಟರ ಹೆಸರಿಗಲ್ಲ. ನಿಮ್ಮ ಹೆಸರಿಗೆ. ಮತ್ತೆ ಸಾಕು ಅನ್ನಿಸಿದರೆ ನನಗೆ ಬರೆಯಿರಿ. ಅವತ್ತೇ ಮುಗಿಸುತ್ತೇನೆ.”

ವೇದವತಿಗೆ ಗಂಡನ ಕಡೆ ನೋಡಲು ಆಗಲಿಲ್ಲ. ನೋಡಿದಾಗ ಅವನು ಟೀಚರನ್ನು ನೋಡುತ್ತಿದ್ದ. ಆಮೇಲೆ ಅವನು, ಕಾಲೇಜಿನಲ್ಲಿ ತನಗಿಂತ ಹಿರಿಯರಿಗೆ ಹೇಳುತ್ತಿದ್ದ ಧ್ವನಿಯಲ್ಲಿ, “ಸರಿ ಟೀಚರ್. ಅದೇ ಸರಿ,” ಎಂದ. ಹೇಳುವಾಗ ಕಷ್ಟವಾಯಿತೆಂಬುದು ಕಾಣುತ್ತಿತ್ತು, ಆದರೂ ಹೇಳಿದ. ಜಿಂಕ್ ಶೀಟಿನ ಕೆಳಗೆ ಮೇಜಿಗೆ ಬಂದು ಕೂತರು. ಟೀಚರ್ ಕರಾರುಪತ್ರದ ಎರಡು ಪ್ರತಿ ಟೈಪು ಮಾಡಿಸಿಯೇ ತಂದಿದ್ದರು, ಹೆಸರಿನ ಜಾಗ ಖಾಲಿ ಬಿಟ್ಟು. ವೇದವತಿ ತನ್ನ ಹೆಸರು ಬರೆದಳು. ಸಾಕ್ಷಿಯ ಜಾಗದಲ್ಲಿ ಸುಬ್ರಾಯ ಸಹಿ ಹಾಕಿದ. ಹೆಬ್ಬೆರಳಿನ ಕೆಸರು ಕಾಗದದ ಅಂಚಿಗೆ ಮೆತ್ತಿತು. ಟೀಚರ್ ಅದನ್ನು ನೋಡಿ, “ಪರವಾಗಿಲ್ಲ, ಅದೂ ಇರಲಿ,” ಎಂದು ತಣ್ಣಗಾದ ಗೋಳಿಬಜೆ ನಾಲ್ಕು ತಿಂದರು. ಶ್ರೀಯಾ ಉಳಿದದ್ದನ್ನು ಕಟ್ಟಿ ಅವರ ಕಾರಿನಲ್ಲಿಟ್ಟಳು.

ಕಾರು ಹೋದ ಮೇಲೆ ಸುಬ್ರಾಯ ಸಲಿಕೆ ತೆಗೆದುಕೊಂಡು ಹೊರಟುಹೋದ. ಶ್ರೀಯಾ ಅಮ್ಮನ ಕಡೆ ನೋಡಿ ಹುಬ್ಬು ಹಾರಿಸಿದಳು. ಇಬ್ಬರೂ ನಗು ತಡೆದುಕೊಂಡರು. ಅವನು ಒಂದು ಗಂಟೆ ಏನನ್ನೋ ಅಗೆದ. ಏನೆಂದು ಹೋಗಿ ನೋಡುವ ಧೈರ್ಯ ವೇದವತಿಗೆ ಆಗಲಿಲ್ಲ. ಬಂದವನು ಸ್ನಾನ ಮಾಡಿ, ಮಗಳೊಡನೆ ಅವಳ ಆಫೀಸಿನ ವಿಷಯ ಮಾತಾಡಿ, ಅವಳನ್ನು ಬೀಳ್ಕೊಟ್ಟ. ಆಮೇಲೆ ಮೆಟ್ಟಿಲಿನ ಮೇಲೆ ಹೆಂಡತಿಯ ಪಕ್ಕದಲ್ಲಿ, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತ. ಇನ್ನೂ ಬೆಳಕಿತ್ತು. ಐದು ವರ್ಷ ಪ್ರತಿ ಸಂಜೆ ಇದೇ ಹೊತ್ತಿಗೆ ಅವನು ಮರುದಿನದ ಕೆಲಸಗಳನ್ನು ಹೇಳುತ್ತಿದ್ದ. ಅವಳು ಹೂಂ ಅನ್ನುತ್ತಿದ್ದಳು. ಈಗ ಅವನು, “ನಾಳೆ ಎಂತ ಮಾಡುದು?” ಎಂದು ಕೇಳಿದ.

ಅವಳು ತಿರುಗಿ ನೋಡಿದಳು. ಅವನು ಚುಚ್ಚಲು ಕೇಳಿರಲಿಲ್ಲ. ಉತ್ತರಕ್ಕೆ ಕಾಯುತ್ತಿದ್ದ. ಅವಳು ಬೇಕೆಂದೇ ಸ್ವಲ್ಪ ಹೊತ್ತು ತೆಗೆದುಕೊಂಡಳು.

“ನಾಳೆ ಎಂತದೂ ಬೇಡ. ಎಂಟು ಗಂಟೆವರೆಗೆ ಮಲಗುವ.”

“ಹೀರೆ ಕೊಯ್ಲಿಕ್ಕೆ ಉಂಟಲ್ಲ?”

“ಸೋಮವಾರ.”

ಅವನಿಗೆ ಅದು ಸರಿಬರಲಿಲ್ಲ. ಹೂಂ ಎಂದ.

ಆರೂಮುಕ್ಕಾಲಿಗೆ ಇಬ್ಬರಿಗೂ ಎಚ್ಚರವಾಯಿತು. ಕಂಟೇನರಿನ ಕಿಟಕಿಯಾಚೆ ಕಪ್ಪು ತಿಳಿಯಾಗುತ್ತಿತ್ತು. ಅವನು ಎಚ್ಚರವಿದ್ದಾನೆಂದು ಉಸಿರಿನಲ್ಲೇ ಅವಳಿಗೆ ಗೊತ್ತಾಯಿತು. ಅಪ್ಪಣೆ ಮೀರದ ವಿದ್ಯಾರ್ಥಿಯಂತೆ ಕೈಕಾಲು ಆಡಿಸದೆ ಮಲಗಿದ್ದ. ನಗು ಬಂತು. ಅವನೇ ಮೊದಲು ಮಾತಾಡಿದ, ಛಾವಣಿ ನೋಡುತ್ತ.

“ಆ ಕಾಗದದಲ್ಲಿ ನನ್ನ ಬಗ್ಗೆ ಎಂತ ಬರೆದಿದ್ದಿ?”

“ಒಳ್ಳೆಯವರು ಅಂತ,” ಎಂದಳು. ಮತ್ತೆ, “ಆದ್ರೆ ಹೇಳಿದ್ದು ಕೇಳಿಸಿಕೊಳ್ಳುದಿಲ್ಲ ಅಂತ.”

“ಎಂತ?” ಎಂದ ಸುಬ್ರಾಯ.

ನಿಜಕ್ಕೂ ಕೇಳಿಸಲಿಲ್ಲವೋ, ನಿನ್ನೆಯಿಂದ ಬಿಗಿದಿದ್ದುದನ್ನು ಅವನೇ ಸಡಿಲಿಸಿದ್ದೋ ಅವಳಿಗೆ ತಿಳಿಯಲಿಲ್ಲ. ತಿರುಗಿ ಅವನ ಮುಖ ನೋಡಬೇಕು ಎನ್ನುವಷ್ಟರಲ್ಲಿ ಹೊರಗೆ ಚಪ್ಪರದ ಕಡೆ ಕಡ್ಡಿ ಮುರಿಯುವ ಸದ್ದು, ಅದರ ಹಿಂದೆಯೇ ಚೀರಾಟ. ಮಂಗಗಳು. ಹೊದಿಕೆ ಒದ್ದು ಮೊದಲು ಎದ್ದವಳು ಅವಳೇ. “ಏಳಿ, ಏಳಿ, ಹೀರೆ ಪೂರಾ ಹೋಯ್ತು!” ಎಂದು ಕೂಗುತ್ತ ಬಾಗಿಲ ಬಳಿಯ ತಗಡಿನ ಡಬ್ಬಿ ಹಿಡಿದು, ಚಪ್ಪಲಿಗೆ ಕಾಯದೆ ಮೆಟ್ಟಿಲಿಳಿದು ಓಡಿದಳು. ಹಿಂದಿನಿಂದ ಅವನ ಕಾಲಿನ ಸದ್ದು ಹತ್ತಿರ ಬರುತ್ತಿತ್ತು.